ಬೆರಕೆ ಸೊಪ್ಪಿನ ಸಾರು ಕಹಿಯಾಗುವುದು, ಲೋಳೆಯಾಗುವುದು, ಗಂಟಲು ಕೆರೆಯುವುದು ಯಾಕೆ? ಯಾವ ಸೊಪ್ಪು ಎಷ್ಟು ಹಾಕಬೇಕು?

ನಿಮ್ಮ ಪ್ರಶ್ನೆ ಇಷ್ಟು: ಚಿಂತಾಮಣಿ ಕಡೆ ಎರಡು ಎಕರೆ ಮಳೆಯಾಶ್ರಿತ ಹೊಲ. ಹಿಂದೆ ಅತ್ತೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಲೇ ಮಡಿಲು ತುಂಬ ಬೆರಕೆ ಸೊಪ್ಪು, ಅಂದರೆ ಹೊಲದಲ್ಲಿ ತಾನಾಗಿ ಹುಟ್ಟಿದ ಹಲವು ಬಗೆಯ ಸೊಪ್ಪು, ತರುತ್ತಿದ್ದರು. ಈಗ ಅದೇ ಹೊಲದಲ್ಲಿ ನೀವು ಕಿತ್ತು ಮಾಡಿದರೆ ಸಾರು ಒಮ್ಮೆ ಕಹಿ, ಒಮ್ಮೆ ಲೋಳೆ, ಇನ್ನೊಮ್ಮೆ ಗಂಟಲು ಕೆರೆತ.

ಹೊಲ ಅದೇ, ಸೊಪ್ಪೂ ಬಹುಪಾಲು ಅದೇ. ತಪ್ಪಿರುವುದು ಅಳತೆ ಮತ್ತು ಎಳೆತನ. ಸಾರಿನ ಪುಡಿಗೆ ಧನಿಯ ಎಷ್ಟು, ಮೆಂತ್ಯ ಎಷ್ಟು ಅಂತ ಲೆಕ್ಕ ಇರುವ ಹಾಗೆ ಬೆರಕೆ ಸೊಪ್ಪಿಗೂ ಇದೆ. ಕೀಳುವವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅವರ ಕೈಯೇ ಲೆಕ್ಕ ಹಾಕುತ್ತಿರುತ್ತದೆ. ಅದನ್ನೇ ಬಿಡಿಸಿ ಬರೆಯುತ್ತೇನೆ.

ಮೊದಲು ಸಪ್ಪೆ ಸೊಪ್ಪುಗಳು. ಸಾರಿನ ಮೈ ಇವುಗಳದ್ದೇ. ಅಣ್ಣೆ ಸೊಪ್ಪು, ಚಿಲಕರಿವೆ, ಕೀರೆ, ಗೊರಜೆ (ನಿಮ್ಮ ಕಡೆ ಚೆಂಚಲಿ ಅನ್ನುತ್ತಾರೆ) ಈ ಗುಂಪಿಗೆ ಸೇರಿದವು. ಅಣ್ಣೆಯ ಎಲೆ ಉದ್ದ, ತುದಿ ಚೂಪು. ಬಲಿತಾಗ ನೆಟ್ಟಗೆ ನಿಂತ ಬೆಳ್ಳಿ ಬಣ್ಣದ ತೆನೆ ಬರುತ್ತದೆ, ತುದಿಯಲ್ಲಿ ನಸುಗೆಂಪು. ಕೋಳಿಜುಟ್ಟಿನ ಹೂವಿನ ಹತ್ತಿರದ ನೆಂಟ ಇದು. ತೆನೆ ಕಾಣಿಸಿಕೊಳ್ಳುವ ಮೊದಲು ಕಿತ್ತರೆ ಬೆಣ್ಣೆಯ ಹಾಗೆ ಬೇಯುತ್ತದೆ, ಆಮೇಲೆ ನಾರು. ಚಿಲಕರಿವೆಯ ಎಲೆಯ ತುದಿಯನ್ನು ಹತ್ತಿರ ಹಿಡಿದು ನೋಡಿ, ಉಗುರಲ್ಲಿ ಚಿವುಟಿದಂಥ ಸಣ್ಣ ತಗ್ಗು ಇರುತ್ತದೆ. ಮುಳ್ಳುಹರಿವೆಯಲ್ಲಿ ಎಲೆ ಹೊರಡುವ ಗಿಣ್ಣಿನಲ್ಲಿ ಜೋಡಿ ಮುಳ್ಳು. ಅದೂ ತಿನ್ನುವ ಸೊಪ್ಪೇ, ಆದರೆ ಮುಳ್ಳು ಗಟ್ಟಿಯಾಗುವ ಮೊದಲು ಕುಡಿ ಮಾತ್ರ.

ಎರಡನೆಯದು ನೀರು ತುಂಬಿದ, ಹುಳಿಯ ಸೊಪ್ಪುಗಳು. ಗೋಣಿ ಸೊಪ್ಪು ನೆಲಕ್ಕೆ ಒತ್ತಿಕೊಂಡು ಹರಡುತ್ತದೆ. ಕೆಂಪು ದಂಟು, ದಪ್ಪ ಎಲೆ, ಬಿಸಿಲೇರಿದಾಗ ಅರಳುವ ಹಳದಿ ಹೂವು. ಕನ್ನೆ ಸೊಪ್ಪಿಗೆ ನೀಲಿ ಹೂವು, ಗಿಣ್ಣು ನೆಲ ಮುಟ್ಟಿದಲ್ಲೆಲ್ಲ ಬೇರು. ನೆರಳಿನ ಬದುಗಳಲ್ಲಿ ಪುಲ್ಲಂಪುರುಚಿ ಸಿಕ್ಕರೆ ಒಂದು ಹಿಡಿ ಸಾಕು, ಹುಣಸೆಹಣ್ಣು ಅರ್ಧ ಕಡಿಮೆ ಮಾಡಬಹುದು.

ಕಹಿಗೆ ಕಾರಣ ಹೆಚ್ಚಾಗಿ ಗಣಿಕೆ ಸೊಪ್ಪು, ಅಂದರೆ ಕಾಶಿ ಸೊಪ್ಪು. ಬೆರಕೆಗೆ ಅದು ಬೇಕೇ ಬೇಕು. ಅದಿಲ್ಲದಿದ್ದರೆ ಸಾರು ಬರೀ ಹರಿವೆ ಸಾರಿನಂತೆ ಚಪ್ಪೆಯಾಗುತ್ತದೆ. ಆದರೆ ಹತ್ತು ಹಿಡಿಯಲ್ಲಿ ಒಂದು ಹಿಡಿ ಮಾತ್ರ. ತುಂಬೆ ಕುಡಿಯಾದರೆ ನಾಲ್ಕೈದು, ಅದಕ್ಕಿಂತ ಹೆಚ್ಚಾದರೆ ಇಡೀ ಪಾತ್ರೆ ಕಷಾಯವಾಗುತ್ತದೆ. ನಿಮ್ಮ ಸಾರು ಕಹಿಯಾದ ದಿನ ಗಣಿಕೆ ಹೆಚ್ಚಾಗಿತ್ತು, ಇಲ್ಲವೇ ಹೂವು ಕಾಯಿ ಬಿಟ್ಟ ಬಲಿತ ಗಿಡದ ಎಲೆ ಸೇರಿತ್ತು. ಗಣಿಕೆಯ ಹಸಿರು ಕಾಯಿ ಒಂದೂ ಒಳಗೆ ಹೋಗಬಾರದು, ಅದರಲ್ಲಿ ವಿಷದ ಅಂಶವಿದೆ. ಬಿಡಿಸುವಾಗ ಕಾಯಿಗೊಂಚಲನ್ನು ಚಿವುಟಿ ಎಸೆಯಿರಿ.

ಲೋಳೆಯಾಗಿದ್ದರೆ ದಾಗಡಿ ಸೊಪ್ಪಿನ ಮೇಲೆ ಅನುಮಾನ. ಬೇಲಿಯ ಮೇಲೆ ಹಬ್ಬುವ, ಮುಟ್ಟಿದರೆ ಮಖಮಲ್ಲಿನಂತಿರುವ ಎಲೆಯ ಬಳ್ಳಿ ಅದು. ಒಂದು ಹಿಡಿ ಎಲೆಯನ್ನು ಒಂದು ಲೋಟ ನೀರಿನಲ್ಲಿ ಚೆನ್ನಾಗಿ ಹಿಸುಕಿ ಸೋಸಿ ಅಲುಗಿಸದೆ ಇಟ್ಟುಬಿಡಿ, ಸ್ವಲ್ಪ ಹೊತ್ತಿಗೆ ಇಡೀ ನೀರು ಹಸಿರು ಗಸಗಸೆ ಹಲ್ವದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಬೇಸಿಗೆಯಲ್ಲಿ ಬೆಲ್ಲ ಬೆರೆಸಿ ತಂಪಿಗೆ ತಿನ್ನುವುದು ಇದನ್ನೇ. ಅಂಥ ಎಲೆ ಸಾರಿಗೆ ಎರಡು ಹಿಡಿ ಬಿದ್ದರೆ ಏನಾಗುತ್ತದೆ ಅಂತ ನೀವೇ ಊಹಿಸಿ. ಹಾಕಲೇಬೇಕೆಂದರೆ ಏಳೆಂಟು ಎಳೆಯ ಎಲೆ. ಕನ್ನೆ, ಗೋಣಿ ಅತಿಯಾದರೂ ಲೋಳೆ ಬರುತ್ತದೆ.

ಗಂಟಲು ಕೆರೆತಕ್ಕೆ ಬೇರೆ ಕಾರಣ. ಕೆಲವು ಗಿಡಗಳ ಎಲೆಯೊಳಗೆ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಕೆಸುವಿನ ಎಲೆ ಬಾಯಿ ಕೆರೆಯುವುದು ಇದರಿಂದಲೇ. ಬೆರಕೆಯಲ್ಲಿ ಕೊಮ್ಮೆ ಸೊಪ್ಪಿನಲ್ಲೂ ಕನ್ನೆಯಲ್ಲೂ ಅವು ಇವೆ. ಕೊಮ್ಮೆ ನೆಲದ ಮೇಲೆ ಹರಡುವ ಗಿಡ, ಎಲೆಯ ಕೆಳಮೈ ಬಿಳಿಚು, ಗುಂಡುಸೂಜಿ ತಲೆಯಷ್ಟು ಗುಲಾಬಿ ಹೂವು, ಬೀಜ ಬಟ್ಟೆಗೆ ಅಂಟುತ್ತದೆ. ಎಳೆಯ ಎಲೆ ಹತ್ತು ಹದಿನೈದು ಹಾಕಿದರೆ ತೊಂದರೆಯಿಲ್ಲ, ಬಲಿತದ್ದು ಹಿಡಿಗಟ್ಟಲೆ ಹಾಕಿದರೆ ಕೆರೆತ ಖಂಡಿತ. ಕನ್ನೆಯ ದಂಟನ್ನು ಸುತ್ತಿಕೊಂಡಿರುವ ಎಲೆಯ ಬುಡದ ಕವಚದಲ್ಲಿ ಕಂದುಗೆಂಪು ಕೂದಲಿರುತ್ತದೆ. ಅದನ್ನು ಬಿಡಿಸಿ ತೆಗೆದು ಎಲೆ ಮತ್ತು ತುದಿ ಮಾತ್ರ ಹಾಕಿ. ಈ ಸೂಜಿ ಹರಳು ಬೇಯಿಸಿದರೆ ಕರಗುವುದಿಲ್ಲ, ಆದ್ದರಿಂದ ಎಳೆಯದನ್ನೇ ಕೀಳುವುದೊಂದೇ ದಾರಿ. ಹುಣಸೆಹುಳಿ ಧಾರಾಳವಾಗಿ ಹಾಕುವ ರೂಢಿ ಬಂದಿರುವುದೂ ಕೆರೆತಕ್ಕೆ ಹೆದರಿಯೇ ಇರಬಹುದು.

ನಾಲ್ಕು ಜನರ ಸಾರಿಗೆ ಬಿಡಿಸಿದ ಸೊಪ್ಪು ಸುಮಾರು ಅರ್ಧ ಕೆಜಿ ಬೇಕು, ಬೆಂದ ಮೇಲೆ ಎರಡು ಮುಷ್ಟಿಗೆ ಇಳಿಯುತ್ತದೆ. ನಾನು ಹಾಕುವ ಲೆಕ್ಕ ಹೀಗೆ: ಹತ್ತು ಹಿಡಿಯಲ್ಲಿ ಆರು ಹಿಡಿ ಸಪ್ಪೆ ಸೊಪ್ಪು, ಎರಡು ಹಿಡಿ ಕನ್ನೆ ಮತ್ತು ಗೋಣಿ ಸೇರಿ, ಒಂದು ಹಿಡಿ ಗಣಿಕೆ, ಉಳಿದ ಒಂದು ಹಿಡಿಯಲ್ಲಿ ಹೊನಗೊನೆ, ಕೊಮ್ಮೆ, ತುಂಬೆ, ಅಲಸಂದೆ ಕುಡಿ, ಸಾಸಿವೆ ಸೊಪ್ಪು, ನುಗ್ಗೆ ಚಿಗುರು, ಆ ದಿನ ಏನು ಸಿಕ್ಕರೆ ಅದು. ಮೊದಲ ಮಳೆಗೆ ಹುಟ್ಟುವ ತಗಚೆಯ ಎಳೆಯ ಕುಡಿಯನ್ನೂ ಈ ಕೊನೆಯ ಹಿಡಿಗೇ ಸೇರಿಸಿ. ಅದು ಬಲಿತರೆ ವಾಸನೆ ಬರುತ್ತದೆ, ಹೊಟ್ಟೆಯನ್ನೂ ಸಡಿಲ ಮಾಡುತ್ತದೆ.

ಗುರುತಿನ ವಿಷಯಕ್ಕೆ ಬರುತ್ತೇನೆ, ಇದನ್ನು ದಯವಿಟ್ಟು ಎರಡು ಸಲ ಓದಿ. ನಿಜವಾದ ಅಪಾಯ ಇರುವುದು ಎಳೆಯ ಉಮ್ಮತ್ತಿಯಲ್ಲಿ, ಅಂದರೆ ದತ್ತೂರಿಯಲ್ಲಿ. ಅದೂ ಗಣಿಕೆಯೂ ಒಂದೇ ಕುಟುಂಬದವು. ಹೂವಿಲ್ಲದಾಗ, ಗೇಣುದ್ದ ಇರುವಾಗ, ಅವಸರದಲ್ಲಿ ಕೀಳುವ ಕೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಉಮ್ಮತ್ತಿ ಎಲೆಯನ್ನು ಹೊಸಕಿದರೆ ಕೆಟ್ಟ ನಾತ, ಎಲೆ ದೊಡ್ಡದು, ಮುಂದೆ ತುತ್ತೂರಿಯಂಥ ಹೂವು, ಮುಳ್ಳಿನ ಕಾಯಿ. ಗಣಿಕೆಯ ಹೂವು ಬಿಳಿ, ನಕ್ಷತ್ರದಂತೆ, ನಡುವೆ ಹಳದಿ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಗೊಂಚಲು ಗೊಂಚಲಾಗಿ ಜೋತು ಬೀಳುತ್ತದೆ. ಹೊಸಬರಿಗೆ ನನ್ನ ನಿಯಮ ಒಂದೇ: ಪಕ್ಕದಲ್ಲೇ ಅದೇ ಜಾತಿಯ ಹೂವು ಬಿಟ್ಟ ಗಿಡ ಕಾಣದೆ ಗಣಿಕೆ ಕೀಳಬೇಡಿ. ನಾಲಿಗೆಗೆ ಇಟ್ಟು ನೋಡುವುದು ಪರೀಕ್ಷೆಯಲ್ಲ, ಫೋನಿನ ಆಪ್ ಹೇಳಿದ್ದೂ ಸಾಲದು. ಊಟದ ನಂತರ ಯಾರಿಗಾದರೂ ಬಾಯಿ ವಿಪರೀತ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಮಾತು ತಡವರಿಸಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಉಳಿದ ಸೊಪ್ಪನ್ನೂ ತೆಗೆದುಕೊಂಡು ಹೋಗಿ.

ಗೋಣಿ ಸೊಪ್ಪಿನ ಜೊತೆ ನೆಲಕ್ಕೆ ಹರಡುವ ಹಾಲುಗಿಡಗಳು ಬರುತ್ತವೆ. ದಂಟು ಮುರಿದು ನೋಡಿ. ಗೋಣಿಯಲ್ಲಿ ಬರುವುದು ತಿಳಿ ನೀರು, ಹಾಲು ಬಂದರೆ ಎಸೆಯಿರಿ. ಕಾಂಗ್ರೆಸ್ ಗಿಡ ಇನ್ನೂ ಎಳೆಯದಿದ್ದಾಗ ನೆಲಕ್ಕೆ ಅಂಟಿಕೊಂಡ ಎಲೆಗಳ ಬಿಲ್ಲೆಯಂತಿರುತ್ತದೆ. ಹಿಡಿಗಟ್ಟಲೆ ಬಾಚಿ ಕೀಳುವವರಿಗೆ ಇದೂ ಬಂದುಬಿಡುತ್ತದೆ, ಆದ್ದರಿಂದ ಒಂದೊಂದೇ ಕುಡಿ ಚಿವುಟಬೇಕು.

ಹೆಸರು ನಂಬಿ ಮೋಸ ಹೋಗುವುದೂ ಇದೆ. ನಿಮ್ಮದು ಎರಡು ನುಡಿಯ ಸೀಮೆ. ಕನ್ನಡದವರ ಅಣ್ಣೆ ತೆಲುಗಿನವರಿಗೆ ಗುರುಗು, ಗಣಿಕೆ ಅವರಿಗೆ ಕಾಮಂಚಿ, ಹೊನಗೊನೆ ಪೊನ್ನಗಂಟಿ, ದಾಗಡಿ ದೂಸರಿ ತೀಗೆ. ಹತ್ತು ಮೈಲಿ ಆಚೆ ಅದೇ ಹೆಸರು ಬೇರೆ ಗಿಡಕ್ಕೆ ಇರಬಹುದು. ಹಾಗಾಗಿ ಹೆಸರು ಕೇಳಿ ಕಲಿಯಬೇಡಿ, ಕಳೆಗೆ ಬರುವ ಹಿರಿಯ ಹೆಂಗಸರ ಜೊತೆ ಸಾಲು ಹಿಡಿದು ನಡೆದು ಗಿಡ ಕೈಯಲ್ಲಿ ಹಿಡಿದು ಕಲಿಯಿರಿ. ಹೊಸದಾಗಿ ಗುರುತಾದ ಸೊಪ್ಪನ್ನು ಮೊದಲ ಸಲ ಬೇರೆಯಾಗಿ, ಸ್ವಲ್ಪವೇ ಬೇಯಿಸಿ ತಿನ್ನಿ. ಉತ್ತರ ಕರ್ನಾಟಕದಲ್ಲಿ ಹಕ್ಕರಿಕೆಯನ್ನು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವುದನ್ನು ನೋಡಿ ನಿಮ್ಮ ಬೆರಕೆಯನ್ನೂ ಹಸಿಯಾಗಿ ತಿನ್ನಲು ಹೋಗಬೇಡಿ. ಇದು ಬೇಯಲೇಬೇಕು.

ಎಲ್ಲಿ ಕೀಳಬಾರದು ಎನ್ನುವುದು ಈಗ ಗುರುತಿನಷ್ಟೇ ಮುಖ್ಯ. ನಿಮ್ಮ ಸುತ್ತ ಟೊಮೆಟೊ ತೋಟಗಳಿವೆ. ಹನಿ ನೀರಾವರಿಯ ಸಾಲಿನಲ್ಲಿ ಅಣ್ಣೆಯೂ ಗೋಣಿಯೂ ಮೊಣಕಾಲೆತ್ತರ ಹಸಿರಾಗಿ ಕರೆಯುತ್ತವೆ. ಅವೇ ಎಲ್ಲಕ್ಕಿಂತ ಕೆಟ್ಟವು, ಟೊಮೆಟೊಗೆ ಹೊಡೆದ ಕೀಟನಾಶಕವೆಲ್ಲ ಅವುಗಳ ಮೇಲೂ ಬಿದ್ದಿರುತ್ತದೆ. ದ್ರಾಕ್ಷಿ, ಗುಲಾಬಿ ತೋಟಗಳೂ ಹಾಗೇ. ಕಳೆನಾಶಕ ಹೊಡೆದ ಹೊಲದಲ್ಲಿ ಆ ಮಳೆಗಾಲವಿಡೀ ಕೀಳಬೇಡಿ, ಪಕ್ಕದವರು ಹೊಡೆದಿದ್ದರೆ ಅವರ ಬದುವಿನಿಂದ ನಾಲ್ಕೈದು ಮಾರು ಬಿಡಿ. ಊರ ಚರಂಡಿ ಸೇರುವ ಕೆರೆಯ ಹೊನಗೊನೆ ಎಷ್ಟೇ ಚಂದ ಕಂಡರೂ ಬೇಡ. ನೀಲಗಿರಿ ತೋಪಿನಲ್ಲಿ ಹುಡುಕುವುದು ದಂಡ.

ಕೀಳುವ ಹೊತ್ತು ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ. ತುದಿಯಿಂದ ಮೂರು ಬೆರಳಷ್ಟು ಚಿವುಟಿ. ಉಗುರಿಗೆ ಟಕ್ ಅಂತ ಮುರಿದರೆ ಎಳೆಯದು, ನಾರು ಎಳೆದುಕೊಂಡು ಬಂದರೆ ಬಲಿತದ್ದು. ಚಿವುಟಿದ ಅಣ್ಣೆ, ಗಣಿಕೆ ಪಕ್ಕದಲ್ಲಿ ಮತ್ತೆ ಒಡೆಯುತ್ತವೆ, ಒಂದೆರಡು ವಾರಕ್ಕೆ ಇನ್ನೊಂದು ಕೊಯ್ಲು. ಮನೆಗೆ ತಂದು ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಅಲುಗಿಸಿ, ಸೊಪ್ಪನ್ನು ಮೇಲೆತ್ತಿ. ಪಾತ್ರೆ ಬಗ್ಗಿಸಿದರೆ ಕೆಳಗೆ ಕೂತ ಮರಳು ಮತ್ತೆ ಸೊಪ್ಪಿಗೇ ಸೇರುತ್ತದೆ. ಮೂರು ನೀರು ಬೇಕೇ ಬೇಕು, ಗೋಣಿಯ ಕವಲುಗಳಲ್ಲಿ ಮರಳು ಅಡಗಿರುತ್ತದೆ.

ಮಸ್ಸೊಪ್ಪಿಗೆ, ಅಂದರೆ ಸೊಪ್ಪನ್ನು ಮಸೆದು ಮಾಡುವ ಸಾರಿಗೆ, ಒಂದು ಲೋಟ ತೊಗರಿಬೇಳೆಯನ್ನಷ್ಟೇ ಮೊದಲು ಬೇಯಿಸಿ. ಹುಣಸೆಹಣ್ಣು, ಟೊಮೆಟೊ ಆಗಲೇ ಹಾಕಿದರೆ ಬೇಳೆ ಗಟ್ಟಿಯಾಗಿ ಉಳಿಯುತ್ತದೆ. ಬೇಳೆ ಮುಕ್ಕಾಲು ಬೆಂದಾಗ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಆರು ಹಸಿಮೆಣಸಿನಕಾಯಿ, ಆಮೇಲೆ ಸೊಪ್ಪು. ಮುಚ್ಚಳ ಮುಚ್ಚದೆ ಹತ್ತು ನಿಮಿಷ. ಕುಕ್ಕರಿನಲ್ಲಿ ಕೂಗಿಸಿದರೆ ಹಸಿರು ಹೋಗಿ ಕಂದಾಗುತ್ತದೆ, ಎಲ್ಲ ಸೊಪ್ಪಿನ ರುಚಿಯೂ ಒಂದೇ ಆಗಿಬಿಡುತ್ತದೆ. ಕೊನೆಗೆ ಎರಡು ಟೊಮೆಟೊ, ನೆಲ್ಲಿಕಾಯಿ ಗಾತ್ರದ ಹುಣಸೆ. ಕಟ್ಟನ್ನು ಬಸಿದು ಪಕ್ಕಕ್ಕಿಟ್ಟು, ಉಳಿದದ್ದಕ್ಕೆ ಉಪ್ಪು ಹಾಕಿ ಮರದ ಕೋಲಿನಲ್ಲಿ ಮಸೆಯಿರಿ, ಮಿಕ್ಸಿ ಬೇಡ. ಅದು ಅಂಟುಮಾಡುತ್ತದೆ, ಲೋಳೆಯ ದೂರು ಅರ್ಧ ಅಲ್ಲಿಂದಲೇ ಬರುವುದು. ಹದಕ್ಕೆ ಬೇಕಾದಷ್ಟು ಕಟ್ಟು ಸೇರಿಸಿ ಕುದಿಸಿ, ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ.

ಮನೆಯಲ್ಲಿ ಮೂತ್ರಪಿಂಡದ ಕಲ್ಲು ಇರುವವರಿದ್ದರೆ ಹರಿವೆ ಜಾತಿ ಮತ್ತು ಗೋಣಿಯಲ್ಲಿ ನೀರಿಗೆ ಬಿಟ್ಟುಕೊಳ್ಳುವ ಆಕ್ಸಲೇಟ್ ಹೆಚ್ಚು ಎಂಬುದು ನೆನಪಿರಲಿ. ಅವರಿಗೆ ಸೊಪ್ಪನ್ನು ಬೇರೆ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ, ಆಮೇಲೆ ಬೇಳೆಗೆ ಸೇರಿಸಿ. ಕಟ್ಟಿನಲ್ಲೇ ಮಾಡುವ ಬಸ್ಸಾರು ಅವರಿಗೆ ಬೇಡ. ಜೊತೆಗೆ ಮೊಸರು ಬಡಿಸುವುದು ಒಳ್ಳೆಯದು, ಅದರ ಸುಣ್ಣದಂಶ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ.

ಕೊನೆಯದಾಗಿ, ಮೊದಲಿನಷ್ಟು ಸೊಪ್ಪು ಹುಟ್ಟುತ್ತಿಲ್ಲ ಅಂತಲೂ ಬರೆದಿದ್ದೀರಿ. ಈ ಸೊಪ್ಪುಗಳು ಉಳಿದಿದ್ದೇ ಉಳುವ, ಕುಂಟೆ ಹೊಡೆಯುವ, ಕೈಯಲ್ಲಿ ಕಳೆ ಕೀಳುವ ಬೇಸಾಯದಿಂದ. ಮಣ್ಣು ಅಲುಗಿದರೆ ಅವುಗಳ ಬೀಜ ಎಚ್ಚರವಾಗುತ್ತದೆ. ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ (ನಡುನಡುವೆ ಬಿತ್ತುವ ಬೇರೆ ಬೆಳೆಯ ಸಾಲು) ಅವರೆ, ಸಾಸಿವೆ, ಹುಚ್ಚೆಳ್ಳು ಇರುವ ಹೊಲಕ್ಕೆ ಕಳೆನಾಶಕ ಹೊಡೆಯಲಾಗುವುದಿಲ್ಲ, ಹೊಡೆದರೆ ಅಕ್ಕಡಿ ಬೆಳೆಯೂ ಸಾಯುತ್ತದೆ. ಒಂಟಿ ಬೆಳೆ ಬಂದಲ್ಲಿ ಆ ರಕ್ಷಣೆ ಹೋಯಿತು. ನಿಮ್ಮ ಹೊಲದ ಒಂದು ಮೂಲೆಯಲ್ಲಿ ಹತ್ತಡಿಗೆ ಹತ್ತಡಿ ಜಾಗ ಬಿಡಿ. ಔಷಧಿ ಬೇಡ. ಕೀಳುವಾಗ ಪ್ರತಿ ಜಾತಿಯಲ್ಲಿ ನಾಲ್ಕೈದು ಗಿಡ ಮುಟ್ಟದೆ ಬಿಟ್ಟುಬಿಡಿ. ರಾಗಿ ಕೊಯ್ಲಿನ ಹೊತ್ತಿಗೆ ಅಣ್ಣೆಯ ತೆನೆ ಒಣಗಿರುತ್ತದೆ, ಅಂಗೈ ಮೇಲೆ ತಟ್ಟಿದರೆ ಹೊಳೆಯುವ ಕಪ್ಪು ಬೀಜ ಉದುರುತ್ತದೆ. ಅದನ್ನು ಆ ಮೂಲೆಯಲ್ಲಿ ಚೆಲ್ಲಿ, ಮುಂಗಾರಿಗೆ ಮೊದಲು ಮೇಲುಮೇಲೆ ಕೆದಕಿ, ಆಳಕ್ಕೆ ಹೂಳಬೇಡಿ. ಚಿಲಕರಿವೆ, ಗೊರಜೆಗೂ ಇದೇ ಕ್ರಮ. ಕನ್ನೆಗೆ ಈ ಉಪಚಾರ ಬೇಕಿಲ್ಲ. ಒಂದು ಗಿಡವನ್ನು ಬುಡಸಮೇತ ನಿಧಾನವಾಗಿ ಅಗೆದು ನೋಡಿ. ಮಣ್ಣಿನೊಳಗೆ ಬಿಳಿ ಎಳೆಗಳಿರುತ್ತವೆ. ನೀಲಿ ಹೂವು ಮೇಲೆ ಅರಳುತ್ತಿರುವಾಗಲೇ ಆ ಎಳೆಗಳ ಮೇಲೆ ಅರಳದ ಹೂವು ಕಟ್ಟಿ, ನೆಲದೊಳಗೇ ಬೀಜ ಬಲಿಯುತ್ತಿರುತ್ತದೆ.