ಚಳಿಗೆ ಜೀಪಿನ ಇಂಜಿನ್‌ಗೆ ಕರೆಂಟ್ ಕೊಡಬಹುದೇ?

ಪ್ರಶ್ನೆ: ನಮ್ಮದು ಪ್ಯೂಜೋ ಇಂಜಿನ್‌ನ ಹಳೆಯ ಡೀಸೆಲ್ ಜೀಪು. ಈಗ ಕಾಫಿ ಕುಯ್ಲು, ಬೆಳಿಗ್ಗೆ ಏಳಕ್ಕೆಲ್ಲ ಆಳುಗಳನ್ನು ಕರೆತರಬೇಕು. ಆದರೆ ಚಳಿಗೆ ಜೀಪು ಸ್ಟಾರ್ಟೇ ಆಗುವುದಿಲ್ಲ. ಕೆನಡಾದಲ್ಲಿ ರಾತ್ರಿಯೆಲ್ಲ ಕಾರಿಗೆ ಕರೆಂಟ್ ಕೊಟ್ಟು ಇಂಜಿನ್ ಬೆಚ್ಚಗಿಡುತ್ತಾರಂತೆ. ಅಲ್ಲಿರುವ ಮಗ ಒಂದು ಹೀಟರ್ ತರುತ್ತೇನೆ ಎನ್ನುತ್ತಾನೆ. ಅಲ್ಲಿಯವರೆಗೆ ಬಾನೆಟ್ ಒಳಗೆ 200 ವ್ಯಾಟ್ ಬಲ್ಬ್ ಇಡಲೇ?
– ಓದುಗರು, ಮೂಡಿಗೆರೆ

ಉತ್ತರ: ಬೇಡಿ ಸ್ವಾಮಿ. ಈಗಾಗಲೇ ಇಟ್ಟಿದ್ದರೆ ಇವತ್ತೇ ತೆಗೆದುಬಿಡಿ.

ಚಿಕ್ಕಮಗಳೂರಿನ ನನ್ನ ಗ್ಯಾರೇಜಿನಲ್ಲೇ ಒಮ್ಮೆ ಹೀಗೆ ಬಲ್ಬ್ ಇಟ್ಟಿದ್ದೆವು. ಬಾನೆಟ್ ಅಂಚಿಗೆ ಸಿಕ್ಕಿ ವೈರಿನ ಸಿಪ್ಪೆ ಸುಲಿದಿತ್ತು. ಬೆಳಿಗ್ಗೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲಿಗೆ ಕೈ ಹಾಕಿದ ಹುಡುಗ ಮಾರು ದೂರ ಹೋಗಿ ಬಿದ್ದ. ದೇವರು ದೊಡ್ಡವನು, ಬದುಕಿಕೊಂಡ. ಅವನ ಕೂಗು ನನಗೆ ಇನ್ನೂ ಮರೆತಿಲ್ಲ. ಜೀಪು ನಿಂತಿರುವುದು ರಬ್ಬರ್ ಟೈರಿನ ಮೇಲೆ, ಅಲ್ವಾ? ಬಾಡಿಗೆ ಕರೆಂಟ್ ಹೊಡೆದರೂ ಅದು ನೆಲಕ್ಕೆ ಇಳಿಯುವುದಿಲ್ಲ, ಫ್ಯೂಸೂ ಹೋಗುವುದಿಲ್ಲ. ಮುಟ್ಟಿದವರ ಮೈಯಿಂದಲೇ ಇಳಿಯುತ್ತದೆ.

ನಿಮ್ಮ ಮಗ ಹೇಳಿದ್ದು ನಿಜ. ಅಮೆರಿಕದ ನಾರ್ತ್ ಡಕೋಟದ ಆಂಡ್ರ್ಯೂ ಫ್ರೀಮನ್ ಎಂಬುವರು 1949ರಲ್ಲೇ ಇಂಥ ಹೀಟರಿಗೆ ಪೇಟೆಂಟ್ ಪಡೆದಿದ್ದರು. ಅಲ್ಲಿ ಹೀಟರನ್ನು ಹೆಚ್ಚಾಗಿ ಇಂಜಿನ್ ಬ್ಲಾಕಿನಲ್ಲಿ ಓಡಾಡುವ ರೇಡಿಯೇಟರ್ ನೀರಿನೊಳಗೇ ಕೂರಿಸುತ್ತಾರೆ. ಮೂರು ಪಿನ್ನಿನ ವೈರು, ಇಂಜಿನ್‌ಗೆ ಅರ್ಥಿಂಗ್ ಇರುತ್ತದೆ. ಆದರೆ ಅದು 120 ವೋಲ್ಟಿನ ಸಾಮಾನು. ನಮ್ಮ 230ಕ್ಕೆ ಹಾಕಿದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಕಾದು ಸುಟ್ಟುಹೋಗುತ್ತದೆ. ತರಿಸಬೇಡಿ.

ಅದೂ ಅಲ್ಲದೆ, ಕೆನಡಾದ ವಿನ್ನಿಪೆಗ್‌ನಲ್ಲಿ ಚಳಿ ಮೈನಸ್ 30 ಮುಟ್ಟುವುದುಂಟು. ನಿಮ್ಮ ತೋಟದಲ್ಲಿ ಎಷ್ಟೇ ಮಂಜು ಬಿದ್ದರೂ ಸೊನ್ನೆಗೆ ಇಳಿಯುವುದಿಲ್ಲ. 15ಡಬ್ಲ್ಯು-40 ಎಂಬ ಇಂಜಿನ್ ಆಯಿಲ್ ಮೈನಸ್ 15ರಲ್ಲೂ ಹರಿಯುತ್ತದೆ. ಹಾಗಾಗಿ ಸುಮ್ನೆ ಚಳಿಯನ್ನು ಬೈಯುವುದು ಬೇಡ, ಜೀಪಿನಲ್ಲೇ ಏನೋ ಕೆಟ್ಟಿದೆ.

ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಒಬ್ಬರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದು ಅರ್ಥ. ಆಗ ನನಗೆ ಮೊದಲ ಅನುಮಾನ ಹೀಟರ್ ಪ್ಲಗ್‌ಗಳ ಮೇಲೆ, ಅಂದರೆ ಸ್ಟಾರ್ಟ್ ಮಾಡುವಾಗ ಇಂಜಿನ್ನಿನ ಒಳಗನ್ನು ಬಿಸಿ ಮಾಡುವ ಪ್ಲಗ್‌ಗಳ ಮೇಲೆ. ನಾಲ್ಕು ಇರುತ್ತವೆ, ಎರಡು ಸತ್ತರೂ ಬೆಳಗಿನ ಸ್ಟಾರ್ಟಿಂಗ್ ಕಷ್ಟವೇ. ಮೆಕ್ಯಾನಿಕ್ ಕೈಲಿ ಬಿಚ್ಚಿಸಿ, ಒಂದೊಂದನ್ನೇ ಬ್ಯಾಟರಿಗೆ ಕೊಟ್ಟು ನೋಡಲು ಹೇಳಿ. ತುದಿ ಕೆಂಪಗೆ ಕಾಯಬೇಕು. ಹೊಗೆಯೇ ಬಾರದಿದ್ದರೆ ಡೀಸೆಲ್ಲೇ ಬರುತ್ತಿಲ್ಲ. ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆದು, ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಡೀಸೆಲ್ ಎತ್ತುವ ಕೈಪಂಪು ಒತ್ತಿದ ಮೇಲೆ ಸ್ಟಾರ್ಟ್ ಆದರೆ ಇದೇ ಕಾರಣ.

ಬ್ಯಾಟರಿಯನ್ನೂ ನೋಡಿಸಿ. ಪೂರ್ತಿ ಚಾರ್ಜ್ ಇದ್ದರೆ 12.6 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ.

ಹೊಗೆ ಹೇಗಿತ್ತು ಎಂದು ಒಂದು ಸಾಲು ಬರೆದು ಹಾಕಿ. ಕುಯ್ಲಿನ ಕಾಲ, ಮುಂದಿನ ಸಂಚಿಕೆಯವರೆಗೆ ಕಾಯಿಸುವುದಿಲ್ಲ. ಕಾರ್ಡಿನಲ್ಲೇ ಉತ್ತರ ಕಳಿಸುತ್ತೇನೆ.