ಕಾಸರಗೋಡಿನವರು ಮಂಗಳೂರಿಗೇ ಯಾಕೆ ಓಡುತ್ತಾರೆ?

ನೀವು ಬೆಂಗಳೂರಿನಿಂದ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಆರೋಗ್ಯ, ಶಿಕ್ಷಣ ಅಂದ ಕೂಡಲೇ ಎಲ್ಲರೂ ಕೇರಳದ ಹೆಸರು ಹೇಳುತ್ತಾರೆ. ಹಾಗಿರುವಾಗ ಅದೇ ಕೇರಳದಲ್ಲಿರುವ ನೀವು ಎದೆನೋವು ಬಂದರೂ, ಹೆರಿಗೆಗೂ, ಮಕ್ಕಳ ಓದಿಗೂ ಮಂಗಳೂರಿಗೆ ಯಾಕೆ ಹೋಗುತ್ತೀರಿ ಅಂತ ತಾನೆ ನಿಮ್ಮ ಸಂಶಯ? ಉತ್ತರ ಸ್ವಲ್ಪ ಉದ್ದ ಆಗುತ್ತದೆ. ಆದರೂ ಪೂರ್ತಿ ಓದಿ.

ಮೊದಲು ದೂರದ ಲೆಕ್ಕ ಹೇಳುತ್ತೇನೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ನಮ್ಮ ರಾಜಧಾನಿ ತಿರುವನಂತಪುರಕ್ಕೆ 550 ಕಿ.ಮೀ.ಗೂ ಜಾಸ್ತಿ. ಸಂಜೆ ರೈಲು ಹತ್ತಿದರೆ ತಲುಪುವಾಗ ಬೆಳಗಾಗುತ್ತದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅಂದರೆ ನಮ್ಮ ಅಜ್ಜಂದಿರಿಗೆ ಕೋರ್ಟು, ಕಚೇರಿ, ಕಾಲೇಜು, ಅಡಿಕೆ ಮಂಡಿ ಎಲ್ಲವೂ ಮಂಗಳೂರೇ. ರಾಜ್ಯ ಬದಲಾದ ಮೇಲೂ ಜನ ಅದೇ ದಾರಿಯಲ್ಲಿ ಓಡಾಡಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ್ ಆಯೋಗ ಹೇಳಿತ್ತು, ಅದು ನಿಮಗೂ ಗೊತ್ತಿರಬಹುದು. ಆ ನೋವು ಇಲ್ಲಿನ ಹಿರಿಯರಲ್ಲಿ ಇನ್ನೂ ಇದೆ. ಆದರೆ ಇವತ್ತು ನಾನು ಹೇಳಹೊರಟಿರುವುದು ಅದಲ್ಲ. ಇರುವ ರಾಜ್ಯದಲ್ಲೇ ನಮಗೆ ಸಿಗಬೇಕಾದದ್ದು ಯಾಕೆ ಸಿಗುತ್ತಿಲ್ಲ ಅನ್ನುವುದು ನನ್ನ ವಿಷಯ.

ಕೇರಳ ನಮಗೆ ಏನೂ ಕೊಟ್ಟಿಲ್ಲ ಅಂದರೆ ಅದು ಸುಳ್ಳು. ನಮ್ಮ ಬದಿಯಡ್ಕದ ಕಡೆ ಗುಡ್ಡದ ಮೇಲಿನ ಮನೆಗೂ ಕರೆಂಟು ಇದೆ, ಹತ್ತಿರದಲ್ಲೇ ಶಾಲೆ ಇದೆ. 1996ರಲ್ಲಿ ಶುರುವಾದ ಜನಕೀಯ ಯೋಜನೆಯಿಂದ ಪಂಚಾಯತುಗಳ ಕೈಗೆ ನಿಜವಾಗಿ ದುಡ್ಡು ಬಂತು. ವಾರ್ಡಿನ ಗ್ರಾಮಸಭೆಯಲ್ಲಿ ಕೂತು ಈ ರಸ್ತೆ ಮೊದಲು ಆಗಲಿ, ಆ ಬಾವಿ ಮೊದಲು ಆಗಲಿ ಅಂತ ನಾವೇ ಹೇಳಬಹುದು. ಕುಟುಂಬಶ್ರೀ ಅನ್ನುವ ಹೆಂಗಸರ ಸ್ವಸಹಾಯ ಸಂಘಗಳಿಂದ ನಮ್ಮೂರಿನ ಎಷ್ಟೋ ಅಕ್ಕಂದಿರ ಕೈಯಲ್ಲಿ ಅವರದೇ ಅಂತ ನಾಲ್ಕು ಕಾಸು ಓಡಾಡಿತು. ಪಂಚಾಯತು ಮಾಡಬಹುದಾದ ಕೆಲಸ ಇಲ್ಲಿ ಚೆನ್ನಾಗಿಯೇ ಆಗುತ್ತದೆ. ದೊಡ್ಡ ಆಸ್ಪತ್ರೆ, ತಜ್ಞ ವೈದ್ಯರು, ಕಾರ್ಖಾನೆ, ಕೆಲಸ ಇವೆಲ್ಲ ಪಂಚಾಯತಿನ ಕೈಯಲ್ಲಿಲ್ಲ. ನಾವು ಹಿಂದುಳಿದದ್ದು ಅಲ್ಲಿ.

ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಅಲ್ಲಿಯವರೆಗೆ ಕಣ್ಣೂರು ಜಿಲ್ಲೆಯ ತುದಿ ನಾವು. ಜಿಲ್ಲೆ ಹಿಂದುಳಿದಿದೆ ಅಂತ ಸರ್ಕಾರವೇ ಒಪ್ಪಿ, 2012ರಲ್ಲಿ ನಿವೃತ್ತ ಮುಖ್ಯ ಕಾರ್ಯದರ್ಶಿ ಪಿ. ಪ್ರಭಾಕರನ್ ಅವರ ಆಯೋಗ ನೇಮಿಸಿತು. ಅವರು ಅದೇ ವರ್ಷ ವರದಿ ಕೊಟ್ಟರು. 11,123 ಕೋಟಿ ರೂಪಾಯಿಯ ಯೋಜನೆಗಳ ಪಟ್ಟಿ ಅದರಲ್ಲಿತ್ತು. ಅದರ ಮೇಲೆ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಬಂತು. ಈಗಿನ ಬಜೆಟ್‌ಗಳಲ್ಲಿ ಈ ಪ್ಯಾಕೇಜಿಗೆ ಇಡುವುದು ವರ್ಷಕ್ಕೆ 75 ಕೋಟಿಯಷ್ಟು. ನೀವೇ ಭಾಗಿಸಿ ನೋಡಿ, 148 ವರ್ಷ ಬೇಕು. ಆ ದೊಡ್ಡ ಮೊತ್ತದಲ್ಲಿ ಕೇಂದ್ರದ ಪಾಲು, ಖಾಸಗಿ ಹೂಡಿಕೆ ಎಲ್ಲ ಸೇರಿತ್ತು, ಹಾಗಾಗಿ ಈ ಲೆಕ್ಕ ಪೂರ್ತಿ ಸರಿಯಲ್ಲ ಅಂತ ನನಗೂ ಗೊತ್ತು. ಆದರೂ ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ಎಷ್ಟು ಅಂತರ ಅನ್ನುವುದು ಗೊತ್ತಾಗುತ್ತದೆ, ಅಲ್ವಾ?

ದುಡ್ಡಿಗಿಂತ ನನ್ನನ್ನು ಜಾಸ್ತಿ ಕಾಡುವುದು ಉಕ್ಕಿನಡ್ಕ.

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಉಕ್ಕಿನಡ್ಕ ಸಿಗುತ್ತದೆ. 2013ರ ನವೆಂಬರ್ 30ರಂದು ಅಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದರು. ಇಡೀ ಊರು ಹಬ್ಬದ ಹಾಗೆ ಸೇರಿತ್ತು. ಆಗ ನಮ್ಮ ಪಕ್ಕದ ಮನೆಯ ಹುಡುಗಿ ಮೂರನೇ ಕ್ಲಾಸಿನಲ್ಲಿದ್ದಳು. ನಾನು ಇಲ್ಲೇ ಡಾಕ್ಟರು ಕಲಿಯುತ್ತೇನೆ ಅನ್ನುತ್ತಿದ್ದಳು. ಕಾಲೇಜಿಗೆ 50 ಎಂಬಿಬಿಎಸ್ ಸೀಟು ಮಂಜೂರಾದದ್ದು 2025ರಲ್ಲಿ. ಅಷ್ಟರಲ್ಲಿ ಆಕೆ ಪಿಯುಸಿ ಮುಗಿಸಿ, ಗಡಿನಾಡ ಕನ್ನಡಿಗರಿಗೆ ಕರ್ನಾಟಕದ ಸಿಇಟಿಯಲ್ಲಿ ಇರುವ ಅವಕಾಶ ಹಿಡಿದು ಬೇರೆ ಕೋರ್ಸಿಗೆ ಹೋಗಿ ಆಗಿತ್ತು.

ಈ ಕಾಲೇಜು ಎಂಥ ಜಾಗಕ್ಕೆ ಬಂತು ಅನ್ನುವುದು ನಿಮಗೆ ಅರ್ಥವಾಗಬೇಕಾದರೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಕಥೆ ಗೊತ್ತಿರಬೇಕು. ಸರ್ಕಾರಿ ಗೇರು ತೋಟಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಆ ವಿಷ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮೊದಲಾದ ಊರುಗಳಲ್ಲಿ ಜನ ಕುಡಿಯುವುದು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಗುಡ್ಡದ ಮೇಲೆ ಬಿದ್ದದ್ದೆಲ್ಲ ಆ ನೀರಿಗೇ ಇಳಿಯಿತು. ಹುಟ್ಟಿದ ಮಕ್ಕಳ ಕೈಕಾಲು, ಬುದ್ಧಿ, ನರ ಎಲ್ಲದರಲ್ಲೂ ತೊಂದರೆ. ಪ್ರತಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. ಪರಿಹಾರದ ದುಡ್ಡಿಗಾಗಿ ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ಮತ್ತೆ ಮತ್ತೆ ಧರಣಿ ಕೂತರು. 2022ರ ಅಕ್ಟೋಬರ್‌ನಲ್ಲಿ ಎಂಬತ್ತು ದಾಟಿದ ಸಮಾಜ ಸೇವಕಿ ದಯಾಬಾಯಿ ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಉಪವಾಸ ಕೂತರು. ಅವರು ಮುಖ್ಯವಾಗಿ ಕೇಳಿದ್ದು ಈ ಜಿಲ್ಲೆಯಲ್ಲೇ ಒಳ್ಳೆಯ ಚಿಕಿತ್ಸೆ.

ಇನ್ನು 2020ರ ಮಾರ್ಚ್. ಲಾಕ್‌ಡೌನ್ ಆದಾಗ ಕರ್ನಾಟಕ ಸರ್ಕಾರ ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿದರು. ದಿನವೂ ಹಾದುಹೋಗುವ ದಾರಿಯಲ್ಲಿ ಎದೆಮಟ್ಟದ ಮಣ್ಣಿನ ರಾಶಿ ನೋಡಿ ನನ್ನ ಕಾಲು ತಣ್ಣಗಾಗಿತ್ತು. ಗಡಿಯಿಂದ ಸ್ವಲ್ಪವೇ ದೂರದಲ್ಲಿ ದೇರಳಕಟ್ಟೆ. ಅಲ್ಲಿ ಸಾಲುಸಾಲು ಮೆಡಿಕಲ್ ಕಾಲೇಜು. ಅಷ್ಟು ಹತ್ತಿರ ಇದ್ದೂ ಆಂಬುಲೆನ್ಸ್ ದಾಟಲಿಲ್ಲ. ಚಿಕಿತ್ಸೆ ಸಿಗದೆ ಹಲವರು ತೀರಿಹೋದರು. ವಿಷಯ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಮೊದಲ ವಾರ ಕಳೆದ ಮೇಲೆ ರೋಗಿಗಳಿಗೆ ಮಾತ್ರ ದಾರಿ ಬಿಟ್ಟರು. ನಮ್ಮ ಸಂಬಂಧದ ಒಬ್ಬರು ಅತ್ತೆಗೆ ಆಗ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಭಾವ ಅವರನ್ನು ಕಾರಿನಲ್ಲಿ ಮಲಗಿಸಿಕೊಂಡು ಕಣ್ಣೂರಿನ ಕಡೆಗೆ ಹೋದರು. ಒಂದೊಂದು ಸಲ ಹೋಗಿ ಬರಲು ಇಡೀ ದಿನ. ಅತ್ತೆ ಆ ತಿಂಗಳು ಹೇಗೋ ದಾಟಿದರು. ಎಲ್ಲರ ಮನೆಯಲ್ಲೂ ಹಾಗೆ ಆಗಲಿಲ್ಲ.

ಅರ್ಧ ಆಗಿದ್ದ ಉಕ್ಕಿನಡ್ಕದ ಕಟ್ಟಡವನ್ನೇ ಆಗ ಕೋವಿಡ್ ಆಸ್ಪತ್ರೆ ಮಾಡಿದರು. ಚಂದ್ರಗಿರಿಯ ಆಚೆ ತೆಕ್ಕಿಲಿನಲ್ಲಿ ಟಾಟಾದವರು ಕಂಟೇನರ್‌ಗಳನ್ನು ಜೋಡಿಸಿ 500ಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಕಟ್ಟಿಕೊಟ್ಟರು. ಕೆಲವೇ ತಿಂಗಳಲ್ಲಿ ಎದ್ದು ನಿಂತಿತು. ನಮಗೆಲ್ಲ ಎಷ್ಟು ಸಂತೋಷ! ಕೋವಿಡ್ ಇಳಿದ ಮೇಲೆ ಅಲ್ಲಿನ ಸಿಬ್ಬಂದಿಯನ್ನು ಬೇರೆ ಬೇರೆ ಕಡೆಗೆ ಕಳಿಸಿದರು. ಕಂಟೇನರ್ ಉಳಿಯಿತು, ಡಾಕ್ಟರು ಉಳಿಯಲಿಲ್ಲ.

ಪ್ಯಾಕೇಜಿನ ಕಷ್ಟ ಇರುವುದೇ ಇಲ್ಲಿ ಅಂತ ನನಗೆ ಅನಿಸುತ್ತದೆ. ಪ್ಯಾಕೇಜಿನ ದುಡ್ಡಿನಲ್ಲಿ ಗೋಡೆ ಕಟ್ಟಬಹುದು, ಸೇತುವೆ ಮಾಡಬಹುದು. ನರ್ಸಿಗೆ, ಡಾಕ್ಟರಿಗೆ, ಮೇಷ್ಟ್ರಿಗೆ ತಿಂಗಳ ಸಂಬಳ ಕೊಡಲು ಕಾಯಂ ಹುದ್ದೆ ಬೇಕು. ಅದು ಬೇರೆ ಫೈಲು, ಬೇರೆ ಇಲಾಖೆ. ಹುದ್ದೆ ಮಂಜೂರಾದರೂ ಬರುವವರು ಯಾರು? ಕಾಸರಗೋಡಿಗೆ ವರ್ಗ ಅಂದರೆ ಶಿಕ್ಷೆ ಅನ್ನುವ ಮಾತು ದಕ್ಷಿಣ ಕೇರಳದಲ್ಲಿ ಈಗಲೂ ಇದೆ. ಶುಕ್ರವಾರ ಸಂಜೆ ಕಾಸರಗೋಡು ಸ್ಟೇಷನ್ನಿಗೆ ಬಂದು ನೋಡಿ. ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್ ಹತ್ತಲು ಬ್ಯಾಗು ಹಿಡಿದು ನಿಂತ ಅಧಿಕಾರಿಗಳು, ನೌಕರರು ಕಾಣುತ್ತಾರೆ. ನಾನು ಅವರನ್ನು ಬೈಯುವುದಿಲ್ಲ. ಅವರಿಗೂ ಮನೆ, ವಯಸ್ಸಾದ ಅಪ್ಪ ಅಮ್ಮ ಇದ್ದಾರೆ. ವರ್ಷ ಎರಡು ವರ್ಷದಲ್ಲಿ ಊರಿನ ಪರಿಚಯ ಆಗುವ ಹೊತ್ತಿಗೆ ವರ್ಗ ಸಿಕ್ಕಿ ಹೋಗುತ್ತಾರೆ. ಹೊಸಬರು ಬಂದು ಮತ್ತೆ ಮೊದಲಿನಿಂದ ಕಲಿಯುತ್ತಾರೆ.

ಭಾಷೆಯ ತೊಡಕೂ ಅಲ್ಲೇ ಹುಟ್ಟುವುದು. ಕನ್ನಡದಲ್ಲಿ ಅರ್ಜಿ ಕೊಡುವ, ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ನಮಗೆ ಕೇರಳದ ಕಾನೂನಿನಲ್ಲೇ ಇದೆ. ಅದನ್ನು ಓದಬಲ್ಲವರು ಮೇಜಿನ ಆಚೆ ಇರಬೇಕಲ್ಲ? ಒಂದು ಕಚೇರಿಗೆ ನನ್ನ ಅಮ್ಮ ತೋಟದ ಸಹಾಯಧನದ ಅರ್ಜಿ ಹಿಡಿದು ಮೂರು ಸಲ ಹೋಗಿದ್ದರು. ಫಾರಂ ಪೂರ್ತಿ ಮಲಯಾಳದಲ್ಲಿತ್ತು. ಅಮ್ಮನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕೊನೆಗೆ ಪಕ್ಕದ ಮನೆಯ ಬ್ಯಾರಿ ಹುಡುಗ ಕೂತು ತುಂಬಿಸಿಕೊಟ್ಟ. ಆಗಲೇ ಕೊನೆಯ ದಿನಾಂಕ ದಾಟಿತ್ತು. ಯೋಜನೆಯಲ್ಲಿ ದುಡ್ಡಿತ್ತು. ಅಮ್ಮನವರೆಗೆ ಬರಲಿಲ್ಲ, ಅಷ್ಟೇ.

ಉದ್ಯೋಗದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೇದ್ರಡ್ಕದಲ್ಲಿ ವಿದ್ಯುತ್ ಯಂತ್ರ ಮಾಡುವ, ರಾಜ್ಯ ಸರ್ಕಾರದ ಕೆಲ್ ಕಾರ್ಖಾನೆ ನಮ್ಮ ಕಡೆಯ ದೊಡ್ಡ ಭರವಸೆಯಾಗಿತ್ತು. ಕೇಂದ್ರ ಸರ್ಕಾರದ ಬಿಎಚ್‌ಇಎಲ್ ಕಂಪನಿಯ ಜೊತೆ ಸೇರಿತು, 2020ರಲ್ಲಿ ನಿಂತಿತು, ರಾಜ್ಯ ಸರ್ಕಾರ ವಾಪಸ್ ತೆಗೆದುಕೊಂಡು 2022ರ ಏಪ್ರಿಲ್‌ನಲ್ಲಿ ಮತ್ತೆ ತೆರೆಯಿತು. ತೆರೆದದ್ದು ಒಳ್ಳೆಯದೇ ಆಯಿತು. ಆದರೆ ಊರಿನ ಹೊಟ್ಟೆ ತುಂಬಿಸುವುದು ಅಡಿಕೆ. ಅಡಿಕೆಗೆ ಬೆಲೆ ಕುಸಿದಾಗ ಕೈ ಹಿಡಿಯಲು 1973ರಲ್ಲಿ ಎರಡೂ ರಾಜ್ಯದ ಬೆಳೆಗಾರರಿಗಾಗಿ ಕ್ಯಾಂಪ್ಕೊ ಅನ್ನುವ ಸಹಕಾರ ಸಂಘ ಹುಟ್ಟಿತು. ಅದರ ಕಚೇರಿ ಮಂಗಳೂರಿನಲ್ಲಿ, ಚಾಕಲೇಟ್ ಕಾರ್ಖಾನೆ ಪುತ್ತೂರಿನಲ್ಲಿ, ಮಾಲು ಕೊಡುವವರಲ್ಲಿ ನಾವೂ ಇದ್ದೇವೆ. ಐವತ್ತು ವರ್ಷದಿಂದ ಗಡಿಯ ಎರಡೂ ಬದಿಯವರನ್ನು ಒಂದೇ ಸಂಸ್ಥೆ ನೋಡಿಕೊಳ್ಳುತ್ತಿದೆ. ಇಂಥದ್ದು ಆಸ್ಪತ್ರೆಯ ವಿಷಯದಲ್ಲಿ ಯಾಕೆ ಆಗಬಾರದು?

ಸುಮ್ನೆ ಆಸೆಗೆ ಹೇಳುತ್ತಿಲ್ಲ. ಎಂಡೋಸಲ್ಫಾನ್ ಸಂತ್ರಸ್ತರಿಗೆ ಮಂಗಳೂರಿನ ಕೆಲವು ಆಸ್ಪತ್ರೆಗಳಲ್ಲೂ ಕೇರಳ ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ ಕೊಡುವ ಏರ್ಪಾಡು ಮಾಡಿದ್ದಾರೆ. ಮನಸ್ಸು ಮಾಡಿದರೆ ದುಡ್ಡು ತಲಪಾಡಿ ದಾಟುತ್ತದೆ ಅಂತ ಆಯಿತು. ಇದನ್ನೇ ಜಿಲ್ಲೆಯ ಎಲ್ಲರಿಗೂ, ಎರಡು ಸರ್ಕಾರಗಳು ಕೂತು ಬರೆದು ಸಹಿ ಹಾಕಿದ ಒಪ್ಪಂದವಾಗಿ ಮಾಡಬೇಕು. ಮತ್ತೊಮ್ಮೆ ಎಂಥ ಕಾಯಿಲೆ ಬಂದರೂ ಆಂಬುಲೆನ್ಸಿಗೆ ಅಡ್ಡ ಮಣ್ಣು ಬೀಳಬಾರದು. ಜೊತೆಗೆ ಇಲ್ಲಿನ ಹುದ್ದೆಗಳಿಗೆ ಕನ್ನಡ, ಮಲಯಾಳ ಎರಡೂ ಬಲ್ಲ ಇಲ್ಲಿನ ಮಕ್ಕಳನ್ನೇ ತೆಗೆದುಕೊಳ್ಳಲಿ. ಅವರು ಶುಕ್ರವಾರದ ರೈಲು ಹತ್ತುವುದಿಲ್ಲ.

ಕೆಲಸ ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. ಕಾಸರಗೋಡು ಪೇಟೆಯಲ್ಲಿ ಬೇಸಗೆ ಬಂದರೆ ನಲ್ಲಿಯಲ್ಲಿ ಉಪ್ಪುನೀರು ಬರುತ್ತಿತ್ತು. ಸಮುದ್ರದ ನೀರು ಹೊಳೆಗೆ ಏರಿ ಬರುತ್ತಿದ್ದ ಕಾರಣ. ಪೇಟೆಯಲ್ಲಿರುವ ನನ್ನ ಚಿಕ್ಕಮ್ಮ ಆ ನೀರಿನಲ್ಲಿ ಚಹಾ ಮಾಡಿ ಚೆಲ್ಲಿದ್ದು ಎಷ್ಟು ಸಲವೋ. ಬಾವಿಕ್ಕೆರೆಯಲ್ಲಿ ಅಣೆಕಟ್ಟು ಆದ ಮೇಲೆ ಅದು ನಿಂತಿತು. ಹೆದ್ದಾರಿಯೂ ಹಾಗೆಯೇ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಆರು ಪಥ ಆಗಿದೆ. ಈಗ ಮಂಗಳೂರಿಗೆ ಹೋಗುವುದು ಮೊದಲಿಗಿಂತ ಸಲೀಸು. ಆ ರಸ್ತೆಯಲ್ಲಿ ಹೋಗುವಾಗ ನನಗೆ ಖುಷಿಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಹತ್ತಾರು ವರ್ಷದಲ್ಲಿ ನಮಗೆ ಸಿಕ್ಕ ಅತಿ ದೊಡ್ಡ ಸೌಕರ್ಯ ಜಿಲ್ಲೆಯಿಂದ ಬೇಗ ಹೊರಗೆ ಹೋಗುವ ದಾರಿ.

ನೀವು ಮಳೆಗಾಲ ಕಳೆದು ಬರುತ್ತೇನೆ ಅಂದಿದ್ದೀರಿ. ಬನ್ನಿ. ಬೇಕಲ ಕೋಟೆ, ಅನಂತಪುರದ ಕೆರೆ ದೇವಸ್ಥಾನ ಎಲ್ಲ ನೋಡಿಯೇ ನೋಡುತ್ತೀರಿ. ಒಂದು ಬೆಳಗ್ಗೆ ನನ್ನ ಜೊತೆ ಪೆರ್ಲದ ಬಸ್ಸಿಗೂ ಹತ್ತಿ. ಉಕ್ಕಿನಡ್ಕದಲ್ಲಿ ಇಳಿದು ಆ ಮೊದಲ ಬ್ಯಾಚಿನ ಮಕ್ಕಳನ್ನು ಮಾತಾಡಿಸೋಣ. ಅವರಲ್ಲಿ ಎಷ್ಟು ಜನ ಓದು ಮುಗಿಸಿ ಇಲ್ಲೇ ಉಳಿಯುತ್ತಾರೆ ಅಂತ ಕೇಳುವ ಆಸೆ ನನಗಿದೆ.