ಓದುಗರ ಪ್ರಶ್ನೆ: ಇದರಲ್ಲಿ ಅಸಲಿ ಮಟ್ಟು ಯಾವುದು?

ಪ್ರಶ್ನೆ: ಜೇನ್ ಆಸ್ಟಿನ್ ಕಾದಂಬರಿಯ ಟಿವಿ ಧಾರಾವಾಹಿಯೊಂದರಲ್ಲಿ ಗಂಡಸರು, ಹೆಂಗಸರು ಎದುರುಬದುರು ಸಾಲಾಗಿ ನಿಂತು ಕುಣಿಯುವ ದೃಶ್ಯ ನೋಡಿದೆ. ಆ ಸಂಗೀತ ಬಹಳ ಹಿಡಿಸಿತು. ಹುಡುಕಿದಾಗ ‘ಮಿಸ್ಟರ್ ಬೆವರಿಜಸ್ ಮ್ಯಾಗಟ್’ ಅಂತ ಹೆಸರು ಸಿಕ್ಕಿತು. ಆದರೆ ಒಂದು ರೆಕಾರ್ಡಿಂಗ್‌ನಲ್ಲಿ ಪಿಯಾನೊ ಇದೆ, ಇನ್ನೊಂದರಲ್ಲಿ ಪಿಟೀಲು, ಕೊಳಲು ಮಾತ್ರ, ಮತ್ತೊಂದರಲ್ಲಿ ವೇಗವೇ ಬೇರೆ. ಅಸಲಿ ಯಾವುದು? ಇಂಥ ಹಳೆಯ ಕುಣಿತದ ಸಂಗೀತ ಕೇಳೋಕೆ ಎಲ್ಲಿಂದ ಶುರು ಮಾಡಲಿ? ಮಗಳು ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಾಳೆ, ಅವಳು ಇದನ್ನು ನುಡಿಸಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಮೂರೂ ಅಸಲಿಯೇ. ಯಾಕೆ ಅಂತ ಹೇಳ್ತೀನಿ.

ಲಂಡನ್‌ನಲ್ಲಿ ಜಾನ್ ಪ್ಲೇಫೋರ್ಡ್ ಅನ್ನೋ ಪುಸ್ತಕ ವ್ಯಾಪಾರಿ ಇದ್ದ. 1651ರಲ್ಲಿ ಅವನು ‘ದಿ ಇಂಗ್ಲಿಷ್ ಡಾನ್ಸಿಂಗ್ ಮಾಸ್ಟರ್’ ಎಂಬ ಪುಸ್ತಕ ಹೊರತಂದ. ಅದರಲ್ಲಿ 105 ಕುಣಿತಗಳಿದ್ದವು. ರಾಜ 1ನೇ ಚಾರ್ಲ್ಸ್‌ನ ತಲೆ ತೆಗೆದು ಆಗಿನ್ನೂ ಎರಡೇ ವರ್ಷ, ನಾಟಕಶಾಲೆಗಳಿಗೆ ಬೀಗ ಬಿದ್ದಿತ್ತು, ಅಂಥ ಕಾಲದಲ್ಲೂ ಜನ ಕುಣಿತದ ಪುಸ್ತಕ ಕೊಂಡರು ಅನ್ನೋದು ನನಗೆ ತುಂಬಾ ಇಷ್ಟವಾದ ಸಂಗತಿ. ಪ್ಲೇಫೋರ್ಡ್ ಸತ್ತ ಮೇಲೂ ಪುಸ್ತಕ ನಿಲ್ಲಲಿಲ್ಲ. 1728ರ ಹೊತ್ತಿಗೆ 18 ಆವೃತ್ತಿ ಕಂಡಿತ್ತು. ನೀವು ಕೇಳಿದ ಮಟ್ಟು 1695ರ ಆವೃತ್ತಿಯದು. ಅಂದರೆ ಆಸ್ಟಿನ್ ಕಾದಂಬರಿ ಬರೆಯುವ ಹೊತ್ತಿಗೇ ಅದಕ್ಕೆ ನೂರು ವರ್ಷ ಆಗಿತ್ತು!

ಈಗ ಆ ಪುಟದಲ್ಲಿ ಏನಿದೆ ನೋಡಿ. ಮೇಲೆ ಒಂದೇ ಒಂದು ಸಾಲು ಸ್ವರ, ಕೆಳಗೆ ಹೆಜ್ಜೆ ಹೇಗೆ ಹಾಕಬೇಕು ಅನ್ನೋ ಸೂಚನೆ. ಅಷ್ಟೇ. ಎಷ್ಟು ವೇಗ, ಜೊತೆಗೆ ಯಾರು ಏನು ನುಡಿಸಬೇಕು, ಒಂದೂ ಇಲ್ಲ. ಅದೆಲ್ಲ ನುಡಿಸುವವರಿಗೆ ಬಿಟ್ಟಿದ್ದು. ಇನ್ನೊಂದು ವಿಷಯ ಇದೆ. ಎರಡು ಸಾಲಿನ ಕುಣಿತದಲ್ಲಿ ಪ್ರತಿ ಸುತ್ತಿಗೂ ಜೋಡಿಗಳು ಒಂದೊಂದು ಜಾಗ ಸರಿಯುತ್ತಾ ಹೋಗುತ್ತವೆ, ಮೇಲಿನ ಜೋಡಿ ಕೆಳಗಿನ ತುದಿ ಮುಟ್ಟುವವರೆಗೂ ಅದೇ ಪುಟ್ಟ ಮಟ್ಟನ್ನು ಮತ್ತೆ ಮತ್ತೆ ನುಡಿಸುತ್ತಲೇ ಇರಬೇಕು. ಕುಣಿಯುವವರಿಗೆ ಬೇಜಾರಾಗಲ್ಲ, ಸುಮ್ನೆ ಕೂತು ಕೇಳುವವರಿಗೆ ಆಗುತ್ತೆ. ಹಾಗಾಗಿ ರೆಕಾರ್ಡಿಂಗ್ ಮಾಡುವವರು ಪ್ರತಿ ಸುತ್ತಿಗೂ ಏನಾದರೂ ಬದಲಾಯಿಸುತ್ತಾರೆ. ಮೊದಲ ಸಲ ಪಿಟೀಲು ಒಂದೇ, ಆಮೇಲೆ ಲೂಟ್ ಅನ್ನೋ ಮೀಟಿ ನುಡಿಸುವ ತಂತಿವಾದ್ಯ ಸೇರುತ್ತದೆ, ಮೂರನೇ ಸಲ ಕೊಳಲು ಅದೇ ಸ್ವರಗಳ ನಡುವೆ ಚುರುಕಾಗಿ ಓಡಾಡುತ್ತದೆ. ಒಳ್ಳೆ ತಂಡ ಯಾವುದು ಅಂತ ನಾನು ಅಳೆಯೋದು ಇಲ್ಲೇ: ಇಷ್ಟೆಲ್ಲ ಮಾಡಿದರೂ ಹೆಜ್ಜೆಯ ಲಯ ಕೈಬಿಡಬಾರದು.

ಕೇಳೋಕೆ ಶುರು ಮಾಡುವುದಾದರೆ, ‘ಲೆ ವಿಚಸ್’ ಅನ್ನೋ ಫ್ರೆಂಚ್ ತಂಡದ ‘ನೋಬಡೀಸ್ ಜಿಗ್’ ಆಲ್ಬಮ್ ಮೊದಲು ಹಾಕಿಕೊಳ್ಳಿ. ಹೆಚ್ಚಿನವು ಪ್ಲೇಫೋರ್ಡ್ ಮಟ್ಟುಗಳೇ, ಪಿಟೀಲಿನ ಬಿಲ್ಲು ತಂತಿಯನ್ನು ಕಚ್ಚುವುದು ಕೂಡ ಕೇಳಿಸುತ್ತೆ. ಜೆರೆಮಿ ಬಾರ್ಲೋ ಅವರ ‘ಬ್ರಾಡ್‌ಸೈಡ್ ಬ್ಯಾಂಡ್’ ಇನ್ನೂ ಸರಳ, ಸ್ವಲ್ಪ ಒರಟು. ಪ್ಲೇಫೋರ್ಡ್ ಮಟ್ಟುಗಳನ್ನೆಲ್ಲ ಒಟ್ಟುಗೂಡಿಸಿ ಪುಸ್ತಕ ಮಾಡಿದವರೂ ಅವರೇ. ಪಿಯಾನೊ ಇರುವುದು ಬೇಕಾದರೆ ಅಮೆರಿಕದ ಬಾಸ್ಟನ್ನಿನ ‘ಬೇರ್ ನೆಸೆಸಿಟೀಸ್’ ಕೇಳಿ. 1651ರಲ್ಲಿ ಪಿಯಾನೊ ಹುಟ್ಟೇ ಇರಲಿಲ್ಲ, ನಿಜ, ಆದರೆ ಅವರು ಇವತ್ತು ಕುಣಿಯುವವರಿಗಾಗಿ ನುಡಿಸುತ್ತಾರೆ, ಅದನ್ನು ಕಡಿಮೆ ಅಂತ ನಾನು ಒಪ್ಪೋದಿಲ್ಲ. ಇಂಗ್ಲೆಂಡ್ ದಾಟಿ ಹೋಗೋ ಮನಸ್ಸಿದ್ದರೆ, ಡೇವಿಡ್ ಮನ್ರೋ 1970ರ ದಶಕದಲ್ಲಿ ನುಡಿಸಿದ ‘ಟರ್ಪ್‌ಸಿಕೊರಿ’ ಇದೆ. ಇದು ಹಳ್ಳಿಯದಲ್ಲ, ಅರಮನೆಯ ಕುಣಿತ. ಜರ್ಮನಿಯ ಪ್ರಿಟೋರಿಯಸ್ 1612ರಲ್ಲಿ ಅಚ್ಚು ಹಾಕಿಸಿದ 300ಕ್ಕೂ ಜಾಸ್ತಿ ಫ್ರೆಂಚ್ ಕುಣಿತಗಳಿಂದ ಆರಿಸಿದ್ದು. ಕ್ರಮ್‌ಹಾರ್ನ್ ಅನ್ನೋ ತುದಿ ಬಾಗಿದ ವಾದ್ಯ ಅದರಲ್ಲಿ ದುಂಬಿ ಥರ ಗುಂಯ್‌ಗುಡುತ್ತದೆ.

ಒಂದು ಮಟ್ಟನ್ನು ಹತ್ತಿರದಿಂದ ನೋಡಬೇಕು ಅಂದರೆ ‘ಗ್ಯಾದರಿಂಗ್ ಪೀಸ್‌ಕಾಡ್ಸ್’ ಹಿಡಿಯಿರಿ. ಅದು ಎರಡು ಸಾಲಿನದಲ್ಲ, ದುಂಡಗೆ ನಿಂತು ಕುಣಿಯೋದು. ಮಟ್ಟಿನ ಒಂದು ಜಾಗದಲ್ಲಿ ಗಂಡಸರು ಒಳಗೆ ಬಂದು ಚಪ್ಪಾಳೆ ಹೊಡೆಯುತ್ತಾರೆ, ಅವರು ಹಿಂದೆ ಸರಿಯುವಾಗ ಹೆಂಗಸರು ಒಳಗೆ ಬಂದು ಹೊಡೆಯುತ್ತಾರೆ. ಇದು ಗೊತ್ತಿದ್ದು ಕೇಳಿದರೆ ಮಟ್ಟಿನಲ್ಲೇ ಆ ಜಾಗ ತಿಳಿಯುತ್ತೆ, ಕೈ ತಾನಾಗೇ ಏಳುತ್ತೆ. ಬೇರೆ ಬೇರೆ ತಂಡದವರದನ್ನು ಒಂದರ ಹಿಂದೆ ಒಂದು ಕೇಳಿ, ಯಾರು ಆ ಚಪ್ಪಾಳೆಗೆ ಉಸಿರು ಬಿಟ್ಟುಕೊಡುತ್ತಾರೆ, ಯಾರು ಧಾವಿಸಿ ದಾಟುತ್ತಾರೆ ಅಂತ ಗಮನಿಸಿ.

ಇನ್ನು ಮಗಳ ವಿಷಯ. ಖಂಡಿತ ನುಡಿಸಬಹುದು, ಅವಳ ದಾರಿಯಲ್ಲೇ ಇದರ ನೆಂಟರಿದ್ದಾರೆ. ಮುತ್ತುಸ್ವಾಮಿ ದೀಕ್ಷಿತರು ಮದ್ರಾಸಿನ ಕಡೆ ಇಂಗ್ಲಿಷರ ಬ್ಯಾಂಡ್ ಕೇಳಿ, ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೊಟ್ಟುಸ್ವರಗಳನ್ನು ಮಾಡಿದರು ಅಲ್ವಾ? ಅದರಲ್ಲಿ ‘ವಂದೇ ಮೀನಾಕ್ಷಿ’ ಐರ್ಲೆಂಡಿನ ‘ರೇಕ್ಸ್ ಆಫ್ ಮ್ಯಾಲೋ’ ಅನ್ನೋ ಕುಣಿತದ ಮಟ್ಟು. ಅವಳು ಮೊದಲು ಅದನ್ನು ಕಲಿಯಲಿ. ಶಂಕರಾಭರಣ ರಾಗದ ಸ್ವರಗಳು, ಸ್ವರವನ್ನು ತೂಗಿಸುವ ಗಮಕ ಇಲ್ಲ. ಆಮೇಲೆ ಐರಿಶ್ ಪಿಟೀಲಿನವರು ಅದನ್ನೇ ನುಡಿಸಿದ್ದು ಕೇಳಿಸಿ. ತಂತಿಗಳ ಶ್ರುತಿ ಬದಲಾಯಿಸೋಕೆ ಹೋಗಬೇಡಿ. ಅವಳ ಸ-ಪ-ಸ-ಪ ಶ್ರುತಿಯಲ್ಲೇ ಕೂತು, ಕಿವಿಯಿಂದಲೇ ಮಟ್ಟು ಹಿಡಿಯಲಿ. ಮನೆಯಲ್ಲಿ ಯಾರಾದರೂ ಪಕ್ಕದಲ್ಲಿ ಹೆಜ್ಜೆ ಹಾಕಿದರೆ ವೇಗ ಎಷ್ಟಿರಬೇಕು ಅಂತ ಅವಳಿಗೆ ಬೇಗ ಗೊತ್ತಾಗುತ್ತೆ.